ಎಡಿಟರ್ ಪುಕ್ಕಟೆ, ಅಂಗಡಿ ಯಾರದು?

2015ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ವಿಎಸ್ ಕೋಡ್ ಎಂಬ ಎಡಿಟರನ್ನು ಹೊರತಂದಾಗ ಮೂಗು ಮುರಿದ ಪ್ರೋಗ್ರಾಮರುಗಳು ಕಡಿಮೆಯೇನಿರಲಿಲ್ಲ. ಆಗ ಮಾತೆಲ್ಲ ಗಿಟ್‌ಹಬ್‌ನ ಆ್ಯಟಮ್ ಬಗ್ಗೆ. ಹಳಬರ ಕೈಯಲ್ಲಿ ವಿಮ್, ಈಮ್ಯಾಕ್ಸ್. ಕಾಸು ಕೊಡಬಲ್ಲವರ ಬಳಿ ಸಬ್ಲೈಮ್ ಟೆಕ್ಸ್ಟ್. ಹತ್ತು ವರ್ಷ ಕಳೆದ ಮೇಲೆ ಲೆಕ್ಕ ತೆಗೆದರೆ ಆ್ಯಟಮ್ ಕಣದಲ್ಲಿಲ್ಲ. 2022ರ ಡಿಸೆಂಬರ್ 15ರಂದು ಗಿಟ್‌ಹಬ್ ಅದಕ್ಕೆ ಬಾಗಿಲು ಹಾಕಿತು. ಅಷ್ಟರಲ್ಲಿ ಗಿಟ್‌ಹಬ್ಬೇ ಮೈಕ್ರೋಸಾಫ್ಟ್ ಪಾಲಾಗಿತ್ತು. ದುಡ್ಡಿದ್ದವರು ಗೆದ್ದರು ಎಂದುಬಿಡಬಹುದು, ಆದರೆ ಅದು ಅರ್ಧ ಸತ್ಯ.

ಎರಡಕ್ಕೂ ಅಡಿಪಾಯ ಒಂದೇ. ಬ್ರೌಸರ್ ಎಂಜಿನ್ ಮೇಲೆ ಡೆಸ್ಕ್‌ಟಾಪ್ ಆ್ಯಪ್ ಕಟ್ಟಲು ನೆರವಾಗುವ ಎಲೆಕ್ಟ್ರಾನ್ ಎಂಬ ಚೌಕಟ್ಟು ಹುಟ್ಟಿದ್ದೇ ಆ್ಯಟಮ್‌ಗಾಗಿ. ವಿಎಸ್ ಕೋಡ್ ಅದನ್ನೇ ಬಳಸಿಕೊಂಡಿತು. ಬೇರೆಯಾದದ್ದು ಎಕ್ಸ್‌ಟೆನ್ಷನ್‌ಗಳಿಗೆ ಕೊಟ್ಟ ಸಲುಗೆ. ಆ್ಯಟಮ್ ಬಂದವರನ್ನೆಲ್ಲ ಅಡುಗೆಮನೆವರೆಗೂ ಬಿಟ್ಟುಕೊಂಡಿತು; ಪ್ಯಾಕೇಜ್ ಬರೆದವರು ಪರದೆಯ ಯಾವ ಮೂಲೆಯನ್ನಾದರೂ ತಿದ್ದಬಹುದಿತ್ತು. ಒಂದು ಪ್ಯಾಕೇಜ್ ಎಡವಿದರೆ ಇಡೀ ಎಡಿಟರ್ ತಡವರಿಸುತ್ತಿತ್ತು. ವಿಎಸ್ ಕೋಡ್ ಅವನ್ನೆಲ್ಲ ಪ್ರತ್ಯೇಕ ಪ್ರೋಸೆಸ್‌ನಲ್ಲಿ ಕೂರಿಸಿತು. ಪರದೆ ಮುಟ್ಟಲು ಬಿಡಲಿಲ್ಲ.

ಈ ಬಿಗಿಗೆ ತೆತ್ತ ಬೆಲೆಯೂ ಇದೆ. ಬ್ರ್ಯಾಕೆಟ್ ಜೋಡಿಗಳಿಗೆ ಬಣ್ಣ ಹಚ್ಚುವ ಬ್ರ್ಯಾಕೆಟ್ ಪೇರ್ ಕಲರೈಸರ್ ಬಹಳ ಜನಪ್ರಿಯ ಎಕ್ಸ್‌ಟೆನ್ಷನ್ ಆಗಿತ್ತು. ಟೈಪ್‌ಸ್ಕ್ರಿಪ್ಟ್ ಕಂಪೈಲರಿನಲ್ಲಿ 42 ಸಾವಿರ ಸಾಲು ಮೀರಿದ ಒಂದು ಫೈಲಿದೆ. ಅದರ ತಲೆಭಾಗದಲ್ಲಿ ಒಂದು ಬ್ರ್ಯಾಕೆಟ್ ಸೇರಿಸಿದರೆ ಬಣ್ಣ ಬದಲಾಗಲು ಸುಮಾರು 10 ಸೆಕೆಂಡು ಬೇಕಿತ್ತು. ಹೊರಗೆ ಕೂತು ಇದನ್ನು ಚುರುಕು ಮಾಡುವುದು ಸುಲಭವಿರಲಿಲ್ಲ. 2021ರ ಆಗಸ್ಟ್ ಆವೃತ್ತಿಯಲ್ಲಿ ಅದೇ ಕೆಲಸ ಎಡಿಟರಿನ ಒಳಗೆ ಬಂತು, ಮಿಲಿಸೆಕೆಂಡಿನೊಳಗೆ ಮುಗಿಯತೊಡಗಿತು. ಬಳಸುವವರಿಗೆ ಖುಷಿ. ಆದರೆ ಯಾವುದು ಒಳಗೆ ಬರಬೇಕು ಎಂದು ಗೊತ್ತುಮಾಡುವವರು ಒಬ್ಬರೇ.

ಈ ದಶಕದ ನಿಜವಾದ ಕೊಡುಗೆ ಬೇರೆ: 2016ರ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್. ಮೊದಲು ಪ್ರತಿ ಭಾಷೆಗೂ ಪ್ರತಿ ಎಡಿಟರಿನಲ್ಲೂ ಬೇರೆಬೇರೆ ಪ್ಲಗಿನ್ ಬರೆಯಬೇಕಿತ್ತು. ಈಗ ಭಾಷೆಗೊಂದು ಸರ್ವರ್ ಇದ್ದರೆ ಸಾಕು, ಯಾವ ಎಡಿಟರ್ ಬೇಕಾದರೂ ಮಾತಾಡಿಸಬಹುದು. ನಿಯೋವಿಮ್ 2021ರಲ್ಲಿ ಇದನ್ನು ಒಳಗೇ ಅಳವಡಿಸಿಕೊಂಡಿತು. ವಿಮ್ ದೊಡ್ಡದೋ ಈಮ್ಯಾಕ್ಸ್ ದೊಡ್ಡದೋ ಎಂಬ ಹಳೇ ಜಗಳ ಅಲ್ಲಿಗೆ ತಣ್ಣಗಾದದ್ದು ಒಳ್ಳೆಯದೇ ಆಯಿತು.

ಕನ್ನಡದ ಮಾತನ್ನೂ ಇಲ್ಲಿ ಆಡಬೇಕು. ಟರ್ಮಿನಲ್‌ನಲ್ಲಿ ವಿಮ್ ತೆರೆದು ‘ರಾಷ್ಟ್ರ’ ಎಂದು ಟೈಪಿಸಿ ನೋಡಿ; ಬಹಳಷ್ಟು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಚದುರಿ, ಕರ್ಸರ್ ಎಲ್ಲೋ ನಿಲ್ಲುತ್ತದೆ. ಅಕ್ಷರಕ್ಕೊಂದು ಚೌಕ ಎಂಬ ಲೆಕ್ಕ ನಮ್ಮ ಲಿಪಿಗೆ ಒಗ್ಗುವುದಿಲ್ಲ. ಬ್ರೌಸರ್ ಎಂಜಿನ್ ಮೇಲೆ ಕಟ್ಟಿದ ಎಡಿಟರಿನಲ್ಲಿ ಒತ್ತಕ್ಷರ ಸರಿಯಾಗಿ ಮೂಡುತ್ತದೆ. ಎಲೆಕ್ಟ್ರಾನ್ ಮೆಮೊರಿ ತಿನ್ನುತ್ತದೆ ಎಂದು ಶಾಪ ಹಾಕುವವರು ಕನ್ನಡ ಅನುವಾದದ ಫೈಲುಗಳನ್ನು ತಿದ್ದಿದವರಲ್ಲ. (ಈಮ್ಯಾಕ್ಸ್ ಇಲ್ಲಿಯೂ ಹಿರಿಯಣ್ಣ: ಕನ್ನಡ ಟೈಪಿಸುವ ಸೌಲಭ್ಯ ಅದರೊಳಗೇ ಇದೆ.)

ಚಿಂತೆಗಿಟ್ಟುಕೊಳ್ಳುವುದು ಅಂಗಡಿಯ ಕಡೆ. ವಿಎಸ್ ಕೋಡ್‌ನ ಮೂಲ ಕೋಡ್ ಎಂಐಟಿ ಪರವಾನಗಿಯಲ್ಲಿ ಎಲ್ಲರಿಗೂ ಮುಕ್ತ. ಎಕ್ಸ್‌ಟೆನ್ಷನ್ ಸಿಗುವ ಮಾರ್ಕೆಟ್‌ಪ್ಲೇಸ್ ಹಾಗಲ್ಲ, ಷರತ್ತಿನ ಪ್ರಕಾರ ಅದು ಮೈಕ್ರೋಸಾಫ್ಟ್‌ನ ಉತ್ಪನ್ನಗಳಿಗಷ್ಟೇ. ಅದೇ ಕೋಡಿನಿಂದ ಕಟ್ಟಿದ ವಿಎಸ್‌ಕೋಡಿಯಮ್ ಎಕ್ಲಿಪ್ಸ್ ಫೌಂಡೇಶನ್ ನಡೆಸುವ ಓಪನ್ ವಿಎಸ್‌ಎಕ್ಸ್ ಬಾಗಿಲಿಗೆ ಹೋಗಬೇಕು. ಪೈಥಾನ್‌ಗೆ ನೆರವಾಗುವ ಪೈಲ್ಯಾನ್ಸ್ ಅಲ್ಲಿ ಸಿಗುವುದಿಲ್ಲ.

ಇನ್ನೊಂದು ಸಂಗತಿ. ಎಕ್ಸ್‌ಟೆನ್ಷನ್‌ಗಳನ್ನು ಪ್ರತ್ಯೇಕ ಕೂರಿಸಿದ್ದು ವೇಗಕ್ಕಾಗಿ, ಭದ್ರತೆಗಲ್ಲ. ಬಣ್ಣ ಹಚ್ಚುವ ಪುಟ್ಟ ಎಕ್ಸ್‌ಟೆನ್ಷನ್ ಕೂಡ ಬಳಸುವವರ ಫೈಲುಗಳನ್ನು ಓದಬಲ್ಲದು, ಹೊರಗೆ ಕಳಿಸಬಲ್ಲದು. ಯಾವುದನ್ನು ಒಳಗೆ ಬಿಡಬೇಕೆಂದು ಕಂಪನಿಗಳೇ ಪಟ್ಟಿ ಮಾಡಿಡುವ ಸೆಟ್ಟಿಂಗ್ ಬಂದದ್ದು 2024ರ ಕೊನೆಗೆ. ಎಡಿಟರ್ ಬಂದ ಒಂಬತ್ತು ವರ್ಷಕ್ಕೆ.