ಮೊದಲು ಬ್ರೇಕು, ಆಮೇಲೆ ಟೆಂಟು

ಅಮೆರಿಕದ ಸೈನ್ಯ ತನ್ನ ಹಮ್ವೀ ಗಾಡಿಗಳ ಹಿಂದೆ ಕಟ್ಟಿ ಎಳೆಯಲು ಮಾಡಿಸಿದ ಟ್ರೈಲರ್‌ಗಳು ಹಳೆಯದಾದ ಮೇಲೆ ಹರಾಜಿಗೆ ಬರುತ್ತವೆ. ಎಂ1101, ಎಂ1102 ಅಂತ ಹೆಸರು. ಅಲ್ಯೂಮಿನಿಯಂ ಮೈ, ಸೊಂಟದೆತ್ತರದ ಟೈರು, ಮಣ್ಣಿನ ಬಣ್ಣ. ಇದನ್ನು ಕೊಂಡುತಂದು ಕ್ಯಾಂಪಿಂಗ್ ಗಾಡಿ ಮಾಡಿಕೊಳ್ಳೋದು ಇಲ್ಲಿ ಕ್ಯಾಲಿಫೋರ್ನಿಯಾದ ನನ್ನ ಗೆಳೆಯರ ಬಳಗಕ್ಕೆ ಹಿಡಿದಿರುವ ಹುಚ್ಚು. ಹುಚ್ಚಿನ ಬಗ್ಗೆ ನನ್ನ ತಕರಾರಿಲ್ಲ, ನನ್ನ ಮನೆ ಮುಂದೆಯೂ ಒಂದು ನಿಂತಿದೆ. ತಕರಾರಿರೋದು ದುಡ್ಡು ಯಾವುದಕ್ಕೆ ಮೊದಲು ಹೋಗುತ್ತೆ ಅನ್ನೋದರ ಬಗ್ಗೆ.

ಮೊದಲು ಬರೋದು ಟೆಂಟು. ಅದೂ ಗಟ್ಟಿ ಕವಚದ್ದು, ಎರಡೇ ನಿಮಿಷದಲ್ಲಿ ತೆರೆದುಕೊಳ್ಳೋದು. ಆಮೇಲೆ ಫ್ರಿಜ್ಜು, ಸೋಲಾರು, ಬ್ಯಾಟರಿ, ಎಳೆದರೆ ಹೊರಬರುವ ಅಡುಗೆಕಟ್ಟೆ. ಸೈನ್ಯದ 24 ವೋಲ್ಟಿನ ದೀಪಗಳನ್ನು ಕಿತ್ತು 12 ವೋಲ್ಟಿನ ಎಲ್‌ಇಡಿ ಹಾಕಿಸ್ತಾರೆ, ಯಾಕಂದ್ರೆ ಅದಿಲ್ಲದಿದ್ರೆ ಪೊಲೀಸ್ ಹಿಡೀತಾನೆ. ಬ್ರೇಕ್ ವಿಷಯ ತೆಗೆದರೆ, "ಮುಂದಿನ ವರ್ಷ ನೋಡೋಣ ಗುರು."

ಮುಂದಿನ ವರ್ಷ ಅಂತೆ! ಟೆಂಟು ಗಟ್ಟಿ ನೆಲದ ಮೇಲೆ ನಿಂತು ಕೆಲಸ ಮಾಡುವ ವಸ್ತು. ಬ್ರೇಕು ಹೆದ್ದಾರಿಯಲ್ಲಿ ಬೇರೆಯವರ ಮಕ್ಕಳ ಪಕ್ಕದಲ್ಲಿ ಓಡುವಾಗ ಬೇಕಾದದ್ದು.

ಸ್ವಲ್ಪ ಲೆಕ್ಕ ಮಾಡೋಣ, ನಾವೆಲ್ಲ ದಿನವಿಡೀ ಸ್ಪ್ರೆಡ್‌ಶೀಟ್ ನೋಡೋ ಜನ ತಾನೆ. ಎಂ1101ರ ಖಾಲಿ ತೂಕ ಸುಮಾರು 1,450 ಪೌಂಡ್, ಹೊರೆ ಸೇರಿ ಗರಿಷ್ಠ 3,400. ಮೇಲೆ ಕಟ್ಟಿಸಿದ ಕಬ್ಬಿಣದ ಚೌಕಟ್ಟು 250, ಟೆಂಟು 150. ಇಪ್ಪತ್ತು ಗ್ಯಾಲನ್ ನೀರಿಗೇ 167. ಎರಡು ಲೆಡ್ ಬ್ಯಾಟರಿ 125, ತುಂಬಿದ ಫ್ರಿಜ್ಜು 100, ಸ್ಟೆಪ್ನಿ 120, ಗ್ಯಾಸು, ಕುರ್ಚಿ, ಸೌದೆ, ಅಕ್ಕಿಬೇಳೆ ಎಲ್ಲ ಸೇರಿ ಇನ್ನೊಂದು 300. ಒಟ್ಟು 2,700ರ ಆಸುಪಾಸು. "ನೋಡಿದ್ಯಾ, 3,400 ಮುಟ್ಟೇ ಇಲ್ಲ" ಅಂತ ಗೆಳೆಯ ಎದೆಯುಬ್ಬಿಸ್ತಾನೆ. ಸರಿಯಪ್ಪ, ಮುಟ್ಟಿಲ್ಲ. ಆದರೆ ಅಷ್ಟೂ ಎಲ್ಲಿ ಕೂತಿದೆ?

ಮಂಡ್ಯ ಕಡೆ ಕಬ್ಬಿನ ಗಾಡಿ ತುಂಬೋದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರೆ ಹಿಂದಕ್ಕೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತೆ. ಹಿಂಭಾರದ ಗಾಡಿಯನ್ನು ಯಾವ ಗಾಡಿಯವನೂ ಹೊಡೆಯೋದಿಲ್ಲ, ನಾಲ್ಕು ಜಲ್ಲೆ ಮುಂದಕ್ಕೆ ಸರಿಸಿಯೇ ಹೊರಡೋದು. ಟ್ರೈಲರ್‌ಗೂ ಇದೇ ಕಾನೂನು. ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಮೂಕಿಯ ಮೇಲೆ, ಅಂದರೆ ಕಾರಿನ ಕೊಂಡಿಯ ಮೇಲೆ ಕೂರಬೇಕು. 2,700ಕ್ಕೆ 270ರಿಂದ 405 ಪೌಂಡ್. ನಮ್ಮವರು ಮಾಡೋದೇನು? ಅಡುಗೆಕಟ್ಟೆ ಹಿಂಬಾಗಿಲಿಗೆ, ಅದರ ಪಕ್ಕ ಫ್ರಿಜ್ಜು, ನಲ್ಲಿ ಹತ್ತಿರ ಇರಲಿ ಅಂತ ನೀರಿನ ಟ್ಯಾಂಕೂ ಅಲ್ಲೇ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಸ್ಟೆಪ್ನಿಯೂ ಹಿಂದೆ. ಮೂಕಿಭಾರ ನೂರಕ್ಕೆ ಇಳಿದಿರುತ್ತೆ, ನೋಡಿದವರಿಲ್ಲ.

ಹಿಂಭಾರದ ಟ್ರೈಲರ್ ಊರೊಳಗೆ ಸಾಧು. ನಲವತ್ತು ಮೈಲಿ ವೇಗದಲ್ಲಿ ಕಾರಿನ ಹಿಂದೆ ಒಂದಿದೆ ಅಂತಲೇ ಗೊತ್ತಾಗಲ್ಲ. ವೇಗ ಹೆಚ್ಚಿದ ಹಾಗೆ ಅದರ ತೂಗಾಟ ತಾನಾಗಿ ಅಡಗುವ ಶಕ್ತಿ ಕಮ್ಮಿಯಾಗುತ್ತಾ ಹೋಗುತ್ತೆ. ಒಂದು ಹಂತ ದಾಟಿದರೆ ಪಕ್ಕದಲ್ಲಿ ಹಾದುಹೋದ ಲಾರಿಯ ಗಾಳಿ ಸಾಕು, ಬಾಲ ಎಡಕ್ಕೆ, ಬಲಕ್ಕೆ, ಪ್ರತಿ ಸಲ ಇನ್ನೂ ಅಗಲಕ್ಕೆ. ಆಗ ಕಾರಿನ ಬ್ರೇಕ್ ಒತ್ತಿದರೆ ಹಿಂದಿನ ಭಾರ ಮುಂದಿನದನ್ನು ತಳ್ಳಿ ಮಡಚುತ್ತೆ. ಮಾಡಬೇಕಾದದ್ದು ಆಕ್ಸಿಲರೇಟರಿಂದ ಕಾಲು ತೆಗೆದು, ಸ್ಟೀರಿಂಗ್ ನೆಟ್ಟಗೆ ಹಿಡಿದು, ಟ್ರೈಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕೋದು. ಎಳೆಯುವ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕಂಟ್ರೋಲರ್, ಟ್ರೈಲರಿನಲ್ಲಿ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಮಾತ್ರ ಇದು ಸಾಧ್ಯ.

ಸೈನ್ಯದ ಟ್ರೈಲರಿಗೆ ಬ್ರೇಕ್ ಇರುತ್ತೆ, ನಿಜ. ಅದು ಸರ್ಜ್ ಬ್ರೇಕು: ಕಾರು ನಿಧಾನವಾದಾಗ ಟ್ರೈಲರ್ ಮುಂದಕ್ಕೆ ಒತ್ತುತ್ತೆ, ಆ ಒತ್ತಡದಿಂದಲೇ ಎಣ್ಣೆ ಹರಿದು ಬ್ರೇಕ್ ಹಿಡಿಯುತ್ತೆ. ಬೇಕೆಂದಾಗ ನಾವಾಗಿ ಹಾಕುವ ಹಾಗಿಲ್ಲ. ಇರಲಿ, ಅಷ್ಟಾದರೂ ಇದೆ ಅನ್ನೋಣ ಅಂದ್ರೆ, ಮುಂದಿನ ಕಬ್ಬಿಣದ ಉಂಗುರ ಕಟಕಟ ಸದ್ದು ಮಾಡುತ್ತೆ ಅಂತ ಅದನ್ನು ಕತ್ತರಿಸಿ ಎಲ್ಲಾ ದಿಕ್ಕಿಗೂ ತಿರುಗುವ ಹೊಸ ಕೊಂಡಿ ಹಾಕಿಸ್ತಾರೆ. ಜೊತೆಗೆ ಸರ್ಜ್ ಬ್ರೇಕಿನ ಸಿಲಿಂಡರೂ ಹೋಗುತ್ತೆ. ಎಣ್ಣೆಯ ಪೈಪಿಗೆ ಒಂದು ಬಿರಡೆ. ಇದ್ದ ಬ್ರೇಕನ್ನು ಕೀಳೋದಕ್ಕೆ ದುಡ್ಡು ಕೊಟ್ಟವರನ್ನು ನಾನೇ ನೋಡಿದ್ದೇನೆ, ಒಬ್ಬಿಬ್ಬರನ್ನಲ್ಲ.

ಕ್ಯಾಲಿಫೋರ್ನಿಯಾದ ಕಾನೂನು ಕೇಳಿ. ಸಾಮಾನ್ಯ ಟ್ರೈಲರ್ ಹೊರೆ ಸೇರಿ 3,000 ಪೌಂಡ್ ಮುಟ್ಟಿದರೆ ಬ್ರೇಕ್ ಬೇಕು. ಕ್ಯಾಂಪ್ ಟ್ರೈಲರ್ ಆದರೆ 1,500ಕ್ಕೇ ಬೇಕು. ಏನನ್ನು ಎಳೆದರೂ ಗರಿಷ್ಠ ವೇಗ ಗಂಟೆಗೆ 55 ಮೈಲಿ. ಈ ಕೊನೆಯದನ್ನು ಹೇಳಿದರೆ ನಗ್ತಾರೆ.

"ನನ್ನ ಫೋರ್‌ರನ್ನರ್ 5,000 ಪೌಂಡ್ ಎಳೆಯುತ್ತೆ" ಅನ್ನೋದು ಇನ್ನೊಂದು ವಾದ. ಎಳೆಯೋದೇನೋ ಎಳೆಯುತ್ತೆ ಸ್ವಾಮಿ, ಹೊರುತ್ತಾ? ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ, ಜನ ಮತ್ತು ಸಾಮಾನು ಸೇರಿ ಇಷ್ಟು ಮೀರಬಾರದು ಅಂತ. ಅದು 1,000 ಪೌಂಡ್ ಅಂತಿಟ್ಟುಕೊಳ್ಳಿ. ನಾಲ್ಕು ಜನ ದೊಡ್ಡವರು 650, ಬ್ಯಾಗುಗಳು 150, ಸರಿಯಾದ ಮೂಕಿಭಾರ 325. ಆಗಲೇ 1,125. ಜಾಹೀರಾತಿನ ಐದು ಸಾವಿರಕ್ಕೆ ಬಹಳ ಮುಂಚೆಯೇ ಸ್ಟಿಕ್ಕರಿನ ಸಾವಿರ ಮುಗಿದಿರುತ್ತೆ.

ಟೈರಿನದ್ದು ಬೇರೆಯೇ ಕತೆ. ಹಲ್ಲು ದಪ್ಪ ಇದ್ದರೆ ಟೈರು ಹೊಸದು ಅನ್ನೋದು ನಮ್ಮವರ ನಂಬಿಕೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತೆ: 3412 ಅಂದರೆ 2012ರ 34ನೇ ವಾರ ತಯಾರಾದದ್ದು. ಸೈನ್ಯದ ಅಂಗಳದಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಒಣಗಿದ ರಬ್ಬರನ್ನು ಅದರ ಹಲ್ಲು ನೋಡಿ ಮೆಚ್ಚಿದರೆ ಪ್ರಯೋಜನವಿಲ್ಲ.

ಡೆತ್ ವ್ಯಾಲಿಗೆ ಪಶ್ಚಿಮದಿಂದ ಹೋದವರಿಗೆ ಟೌನ್ ಪಾಸ್ ಗೊತ್ತು. ಸುಮಾರು 5,000 ಅಡಿ ಎತ್ತರದಿಂದ ಇಪ್ಪತ್ತು ಮೈಲಿಯೊಳಗೆ ರಸ್ತೆ ಸ್ಟೋವ್‌ಪೈಪ್ ವೆಲ್ಸ್‌ನಲ್ಲಿ ಸಮುದ್ರಮಟ್ಟಕ್ಕೆ ಬಂದುಬಿಡುತ್ತೆ. ಅಷ್ಟೂ ದೂರ 2,700 ಪೌಂಡ್ ಹಿಂದಿನಿಂದ ತಳ್ಳುತ್ತಿರುತ್ತೆ. ಕಾರಿನ ಬ್ರೇಕ್ ಒಂದೇ ಅದನ್ನು ಹಿಡಿಯಬೇಕಾದರೆ ಅರ್ಧ ದಾರಿಯಲ್ಲೇ ಸುಟ್ಟ ವಾಸನೆ ಬರುತ್ತೆ, ಆಮೇಲೆ ಪೆಡಲ್ ಮೆತ್ತಗಾಗುತ್ತೆ. ಎದುರಿಂದ ಮೇಲೆ ಹತ್ತಿ ಬರ್ತಿರುವ ಕಾರಿನವನಿಗೆ ನಮ್ಮ ಸೋಲಾರ್ ಎಷ್ಟು ವ್ಯಾಟು ಅನ್ನೋದು ಕಟ್ಟಿಕೊಂಡು ಏನಾಗಬೇಕು?

ದುಡ್ಡಿಲ್ಲ ಅನ್ನೋ ಮಾತನ್ನಂತೂ ನಾನು ಒಪ್ಪಲ್ಲ. ಹೊಸ ಆಕ್ಸಲ್, ಎಲೆಕ್ಟ್ರಿಕ್ ಬ್ರೇಕ್, ಕಂಟ್ರೋಲರ್, ಕೊಂಡಿ ಕಳಚಿದರೆ ತಾನೇ ಬ್ರೇಕ್ ಹಿಡಿಸುವ ಸ್ವಿಚ್ಚು, ಎಲ್ಲಾ ಸೇರಿದರೂ ಆ ಗಟ್ಟಿ ಕವಚದ ಟೆಂಟಿಗಿಂತ ಅಗ್ಗ. ತೂಕ ಮಾಡಿಸೋದಕ್ಕೆ ಒಂದು ಪಿಜ್ಜಾದ ಖರ್ಚು. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನಲ್ಲಿ ಕ್ಯಾಟ್ ಸ್ಕೇಲ್ ಅಂತ ಇರುತ್ತೆ. ಹೊರೆ ತುಂಬಿ, ಜನ ಕೂತು ಅದರ ಮೇಲೆ ಹತ್ತಿಸಿದರೆ ಕಾರಿನ ಎರಡು ಆಕ್ಸಲ್, ಟ್ರೈಲರಿನದ್ದು, ಮೂರರ ತೂಕವನ್ನೂ ಬೇರೆ ಬೇರೆಯಾಗಿ ಚೀಟಿಯಲ್ಲಿ ಕೊಡ್ತಾರೆ. ಟ್ರೈಲರ್ ಕಳಚಿಟ್ಟು ಕಾರನ್ನು ಮಾತ್ರ ಇನ್ನೊಂದು ಸಲ ತೂಗಿದರೆ, ಎರಡು ಚೀಟಿಯಲ್ಲಿ ಕಾರಿನ ತೂಕದ ವ್ಯತ್ಯಾಸವೇ ಮೂಕಿಭಾರ.

ಡಿಸೆಂಬರಿಗೆ ನಮ್ಮ ಬಳಗದ ನಾಲ್ಕು ಟ್ರೈಲರ್ ಡೆತ್ ವ್ಯಾಲಿಗೆ ಹೊರಡುತ್ತಿವೆ. ಗ್ರೂಪಿನಲ್ಲಿ ಇಲ್ಲಿವರೆಗೆ ನಲವತ್ತು ಫೋಟೋ ಬಂದಿದೆ, ಚೀಟಿ ಒಂದೂ ಬಂದಿಲ್ಲ. ಚೀಟಿ ಹಾಕಿದವರ ಜೊತೆ ನಾನು ಹೊರಡ್ತೀನಿ. ಇಡ್ಲಿ ಹಿಟ್ಟು ನನ್ನದು.