ಗಂಟೆ ಬಾರಿಸಿದರೆ ಮುಗಿಯಿತೇ?

ಡಿಸೆಂಬರ್ ಬಂತೆಂದರೆ ನಮ್ಮ ಊರುಗಳ ಶಾಲೆಗಳಲ್ಲಿ ಒಂದು ಹಾಡು ಶುರುವಾಗುತ್ತದೆ. ಒಂದೇ ಹಾಡು, ‘ಜಿಂಗಲ್ ಬೆಲ್ಸ್’. ಎಲ್‌ಕೆಜಿ ಮಕ್ಕಳ ತಲೆಗೆ ಕೆಂಪು ಟೋಪಿ, ಏಳನೆಯ ತರಗತಿಯ ಸಣಕಲು ಹುಡುಗನೊಬ್ಬನ ಹೊಟ್ಟೆಗೆ ದಿಂಬು, ಗಲ್ಲಕ್ಕೆ ಹತ್ತಿಯ ಗಡ್ಡ. ಕ್ಯಾಸೆಟ್ಟು ಹೋಗಿ ಮೊಬೈಲು ಬಂದರೂ ಹಾಡು ಮಾತ್ರ ಬದಲಾಗಿಲ್ಲ. ಬಟ್ಟೆ ಅಂಗಡಿಯಲ್ಲೂ ಅದೇ, ಬೇಕರಿಯಲ್ಲೂ ಅದೇ. ಇಷ್ಟು ಮಾಡಿದರೆ ಕ್ರಿಸ್‌ಮಸ್ ಆಚರಿಸಿದೆವೆಂದು ಆಡಳಿತ ಮಂಡಳಿಗೂ ಸಂತೋಷ, ನಮಗೂ ನಿರಾಳ. ದೂರದಲ್ಲಿ ನಿಂತು ಆಡಿಕೊಳ್ಳುತ್ತಿದ್ದೇನೆಂದು ತಿಳಿಯಬೇಡಿ. ಹದಿನೈದು ವರ್ಷ ಈ ಹಾಡನ್ನು ಮಕ್ಕಳ ಬಾಯಿಗೆ ತುರುಕಿದವಳು ನಾನೇ.

ಹೋಗಲಿ, ಆ ಹಾಡಿನಲ್ಲಿರುವುದಾದರೂ ಏನು? ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ ಎಂಬಾತ ಬರೆದದ್ದು, 1857ರಲ್ಲಿ ಅಚ್ಚಾದದ್ದು. ಹಿಮದ ಮೇಲೆ ಜಾರುವ ಕುದುರೆಗಾಡಿಯ ಸವಾರಿ, ಪಕ್ಕದಲ್ಲೊಬ್ಬಳು ಹುಡುಗಿ, ಗಾಡಿ ಮಗುಚಿ ಬೀಳುವ ತಮಾಷೆ. ಅದರಲ್ಲಿ ಯೇಸುವಿಲ್ಲ, ಮರಿಯಳಿಲ್ಲ, ನಕ್ಷತ್ರವಿಲ್ಲ. ಕ್ರಿಸ್‌ಮಸ್ ಎಂಬ ಪದವೇ ಇಲ್ಲ. ಮಕ್ಕಳು ಹಾಡಿ ಕುಣಿಯಲಿ, ನನ್ನ ತಕರಾರಿಲ್ಲ. ಆದರೆ ಒಂದು ಹಬ್ಬದ ಸಂಗೀತವೆಲ್ಲ ಇಷ್ಟೇ ಎಂದು ನಂಬಿಸುವುದಿದೆಯಲ್ಲ, ಅದು ಯುಗಾದಿಯೆಂದರೆ ಬೇವು ಬೆಲ್ಲದ ಪೊಟ್ಟಣವಷ್ಟೇ ಎಂದಂತೆ.

ಸ್ಟಾಫ್ ರೂಮಿನಲ್ಲಿ ಈ ಮಾತೆತ್ತಿದರೆ ಬರುವ ಮೊದಲ ಉತ್ತರ, “ಅವರ ಧರ್ಮದ ಹಾಡು ನಮಗ್ಯಾಕ್ರೀ ಅಷ್ಟೊಂದು ಆಳವಾಗಿ?” ಹೀಗೆನ್ನುವವರಿಗೆ ನಾನು ಇರ್ವಿಂಗ್ ಬರ್ಲಿನ್ನನ ಕಥೆ ಹೇಳುತ್ತೇನೆ. ರಷ್ಯಾದಿಂದ ಎಳವೆಯಲ್ಲೇ ಅಮೆರಿಕಕ್ಕೆ ವಲಸೆ ಬಂದ ಯಹೂದಿ ಆತ. ಕ್ರಿಸ್‌ಮಸ್ ಅವನ ಹಬ್ಬವಲ್ಲ. ಮೇಲಾಗಿ ಅವನ ಹಸುಗೂಸು ತೀರಿಕೊಂಡದ್ದು 1928ರ ಕ್ರಿಸ್‌ಮಸ್ ದಿನವೇ. ಅಂಥವನು ಬರೆದ ‘ವೈಟ್ ಕ್ರಿಸ್‌ಮಸ್’ ಅನ್ನು 1942ರಲ್ಲಿ ಬಿಂಗ್ ಕ್ರಾಸ್ಬಿ ಹಾಡಿದ. ಯುದ್ಧದ ಕಾಲ, ದೂರದೇಶಗಳಲ್ಲಿದ್ದ ಸೈನಿಕರಿಗೆ ಅದು ಮನೆಯ ನೆನಪಿನ ಹಾಡಾಯಿತು. ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಗ್ರಾಮಫೋನ್ ಹಾಡೆಂದರೆ ಅದೇ ಎನ್ನುತ್ತಾರೆ. ಬರೆಯುವುದಕ್ಕೆ ಅವನಿಗೆ ಅಡ್ಡಬಾರದ ಧರ್ಮ, ಕೂತು ಕೇಳುವುದಕ್ಕೆ ನಮಗೆ ಅಡ್ಡಬಂತೇ?

ಎರಡನೆಯ ಉತ್ತರ ನಮ್ಮ ವಯಸ್ಸಿನವರದು. “ಹಳೇ ಹಾಡೇನೋ ಚೆನ್ನ, ಈಗಿನವು ಬರೀ ಗಲಾಟೆ.” ಹಳೆಯದು ಎಂದರೆ ಯಾವುದು, ಹೇಳಿ? ‘ಲಿಟಲ್ ಡ್ರಮ್ಮರ್ ಬಾಯ್’ ಕೇಳಿದಾಗ ಶತಮಾನಗಳ ಹಿಂದಿನ ಜಾನಪದ ಗೀತೆಯೆಂದೇ ನಾನು ತಿಳಿದಿದ್ದೆ. ಬರೆದದ್ದು 1941ರಲ್ಲಿ, ಬರೆದವರು ಕ್ಯಾಥರೀನ್ ಡೇವಿಸ್ ಎಂಬ ಅಮೆರಿಕದ ಮಹಿಳೆ, ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಟೀಚರ್! ಕೊಡಲು ಏನೂ ಇಲ್ಲದ ಬಡ ಹುಡುಗ ಕೂಸಿನ ಮುಂದೆ ತನ್ನ ಡೋಲನ್ನೇ ಬಾರಿಸುತ್ತಾನೆ. ಕುಚೇಲನ ಅವಲಕ್ಕಿ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಇದೇ ಅಳುಕನ್ನು ಇನ್ನೂ ಮೆಲುದನಿಯಲ್ಲಿ ಹೇಳಿದವಳು ಇಂಗ್ಲೆಂಡಿನ ಕವಯಿತ್ರಿ ಕ್ರಿಸ್ಟಿನಾ ರೊಸೆಟ್ಟಿ. ‘ಇನ್ ದ ಬ್ಲೀಕ್ ಮಿಡ್‌ವಿಂಟರ್’ ಪದ್ಯ 1872ರಲ್ಲಿ ಪ್ರಕಟವಾಯಿತು. ಗುಸ್ಟಾವ್ ಹೋಲ್ಸ್ಟ್ ಅದಕ್ಕೆ ಕಟ್ಟಿದ ರಾಗ ಅಚ್ಚಾದದ್ದು 1906ರಲ್ಲಿ, ಅವಳು ತೀರಿಕೊಂಡು ಹನ್ನೆರಡು ವರ್ಷಗಳ ಮೇಲೆ. ತನ್ನ ಪದ್ಯವನ್ನು ಆ ರಾಗದಲ್ಲಿ ಅವಳು ಕೇಳಲೇ ಇಲ್ಲ.

ನನ್ನ ಮಗಳು ಹಾಕುವ ಮರಾಯಾ ಕ್ಯಾರಿಯ 1994ರ ಹಾಡು ನನಗೂ ಮೊದಲು ಗದ್ದಲವಾಗಿಯೇ ಕೇಳಿಸಿತು. ಪದಗಳಿಗೆ ಕಿವಿಗೊಟ್ಟಾಗ, ಉಡುಗೊರೆಯ ರಾಶಿ ಬೇಡ, ಮನುಷ್ಯ ಬೇಕು ಎನ್ನುತ್ತಿದ್ದಾಳೆ ಆಕೆಯೂ. ಆ ಹಾಡು ಅಮೆರಿಕದ ಪಟ್ಟಿಯ ತುದಿಗೇರಲು 25 ವರ್ಷ ಹಿಡಿಯಿತಂತೆ, 2019ರವರೆಗೆ. ಕುಕ್ಕರಿನ ಸೀಟಿಯ ನಡುವೆಯೂ ಅದು ಕೇಳುತ್ತದೆ. ರೊಸೆಟ್ಟಿಯದಕ್ಕೆ ಅಡುಗೆಮನೆ ನಿಶ್ಶಬ್ದವಾಗಿರಬೇಕು. ಅಷ್ಟೇ ವ್ಯತ್ಯಾಸ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿ. 1818ರ ಡಿಸೆಂಬರ್ 24. ಜೋಸೆಫ್ ಮೋರ್ ಎಂಬ ತರುಣ ಪಾದ್ರಿ ಎರಡು ವರ್ಷ ಮೊದಲು ಬರೆದಿಟ್ಟಿದ್ದ ಪದ್ಯವೊಂದನ್ನು ತಂದು ಇದಕ್ಕೆ ರಾಗ ಹಾಕಿಕೊಡಿ ಎಂದು ಕೇಳಿದ್ದು ಫ್ರಾನ್ಸ್ ಗ್ರೂಬರ್‌ನನ್ನು. ಗ್ರೂಬರ್ ಪಕ್ಕದ ಹಳ್ಳಿಯ ಶಾಲಾ ಮೇಷ್ಟರು, ಇಗರ್ಜಿಯಲ್ಲಿ ಆರ್ಗನ್ ನುಡಿಸುವವರು. ಅಂದು ರಾತ್ರಿ ಇಬ್ಬರೂ ಗಿಟಾರ್ ಜೊತೆಗೆ ಅದನ್ನು ಹಾಡಿದರು. ಆರ್ಗನ್ ಕೆಟ್ಟಿತ್ತು, ಇಲಿ ಕಡಿದಿತ್ತು ಎಂಬುದೆಲ್ಲ ಆಮೇಲೆ ಹುಟ್ಟಿಕೊಂಡ ಕಥೆಗಳು. ಅದೇ ‘ಸೈಲೆಂಟ್ ನೈಟ್’. 1914ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಕಂದಕಗಳಲ್ಲಿ ಕೂತ ಜರ್ಮನ್ ಸೈನಿಕರು ಅದನ್ನು ಹಾಡಿದಾಗ ಎದುರು ಪಕ್ಷದ ಬ್ರಿಟಿಷ್ ಸೈನಿಕರು ಬಂದೂಕು ಕೆಳಗಿಟ್ಟು ಕೇಳಿದರು, ತಾವೂ ಹಾಡಿದರು. ಒಬ್ಬ ಹಳ್ಳಿ ಮೇಷ್ಟರ ರಾಗ! ಬೆಲ್ಲು, ಹಾಜರಿ, ಸಿಲಬಸ್ಸು ಎಂದು ಹೈರಾಣಾಗುವ ನಮಗೆ ಇದನ್ನು ಯಾವ ತರಬೇತಿಯಲ್ಲೂ ಹೇಳಲಿಲ್ಲ.

ಕನ್ನಡದಲ್ಲಿ ಇಂಥವು ಎಲ್ಲಿವೆ ಎಂದು ಕೇಳುತ್ತೀರಿ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ನಿಘಂಟಿನ ಕಿಟ್ಟೆಲ್ಲರು ಅದಕ್ಕೂ ಬಹಳ ಮೊದಲೇ, 1862ರಲ್ಲಿ, ‘ಕಥಾಮಾಲೆ’ಯಲ್ಲಿ ಯೇಸುವಿನ ಜೀವನವನ್ನು ನಮ್ಮ ಧಾಟಿಯಲ್ಲೇ ಹಾಡಿಗೆ ತಂದರು. ಇಂದಿಗೂ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ತಾಳ ಹಾಕಿ ಹಾಡುವ ಕನ್ನಡ ಕೀರ್ತನೆಗಳಿವೆ. ಅವರಿಗೆ ಗೊತ್ತಿದೆ. ನಾವು ಕೇಳಿಲ್ಲ.

ಕೇಳಿಲ್ಲ ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಹೀಗೇ ಜಿಂಗಲ್ ಬೆಲ್ಸ್ ತಾಲೀಮು ನಡೆದಿತ್ತು. ಆರನೆಯ ತರಗತಿಯ ಹುಡುಗಿಯೊಬ್ಬಳು ಹತ್ತಿರ ಬಂದು, “ಟೀಚರ್, ನಮ್ಮಜ್ಜಿ ಒಂದು ಕನ್ನಡ ಹಾಡು ಹೇಳಿಕೊಟ್ಟಿದ್ದಾರೆ. ಕ್ರಿಸ್‌ಮಸ್‌ದೇ. ಹಾಡ್ಲಾ?” ಎಂದಳು. ಅಜ್ಜಿ ಉಡುಪಿ ಕಡೆಯವರು. ನಾನು ಗಡಿಯಾರ ನೋಡಿ, “ಈಗ ಟೈಮಿಲ್ಲ ಕಣೇ, ಲೈನಿಗೆ ಹೋಗು” ಎಂದೆ. ಆ ಹಬ್ಬ ಅಲ್ಲಿದ್ದ ಮುನ್ನೂರು ಮಕ್ಕಳಲ್ಲಿ ಯಾರ ಮನೆಯದಾಗಿತ್ತೋ ಅವಳನ್ನೇ ನಾನು ಟೋಪಿ ಹಾಕಿಸಿ ಹಿಂದಿನ ಸಾಲಿನಲ್ಲಿ ನಿಲ್ಲಿಸಿದೆ.

ಹೋದ ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಗುರುತು ಹಿಡಿದು ಮಾತಾಡಿಸಿದಳು, ಸೊಂಟದ ಮೇಲೊಂದು ಮಗು. ನಾಚಿಕೆ ಬಿಟ್ಟು ಕೇಳಿದೆ, “ಆ ಹಾಡು ಈಗ ಹೇಳ್ತೀಯೇನಮ್ಮ?” ಅವಳಿಗೆ ಮೊದಲು ನೆನಪಾಗಲಿಲ್ಲ. ಆಮೇಲೆ ನಕ್ಕು, ಬಸ್ಸುಗಳ ಹಾರ್ನಿನ ನಡುವೆಯೇ ಪಲ್ಲವಿ ಹಾಡಿದಳು, ಒಂದು ಚರಣ ಹಾಡಿದಳು, ಮುಂದಿನದಕ್ಕೆ ಬರೀ ರಾಗ ಗುನುಗಿದಳು.

“ಅಜ್ಜಿ ಹೋಗಿ ಎಂಟು ವರ್ಷ ಆಯ್ತು ಟೀಚರ್,” ಎಂದಳು. “ಮಿಕ್ಕಿದ್ದು ಮರೆತೇಹೋಗಿದೆ.”