ಹಲ್ಲು ಕಿತ್ತಾಗ ನಿಲ್ಲದ ರಕ್ತ

ಕುಸುಮ ರೋಗ ಅಥವಾ ಹಿಮೋಫಿಲಿಯ ಎಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಕೊರತೆ ಎಂದು ಓದಿರುತ್ತೀರಿ. ಆದರೆ ಪ್ರೋಟೀನು ಇದ್ದೂ, ಹಲ್ಲು ಕಿತ್ತಾಗ ರಕ್ತ ನಿಲ್ಲದವರುಂಟು. ಏಕೆ?

'ಫ್ಯಾಕ್ಟರ್ 8' ಎಂಬ ಈ ಪ್ರೋಟೀನು 2332 ಅಮೈನೋ ಆಮ್ಲಗಳ ಸರ. ಗಾಯವಾದಾಗ ಥ್ರಾಂಬಿನ್ ಎಂಬ ಕಿಣ್ವ ಇದನ್ನು ಅಲ್ಲಲ್ಲಿ ಕತ್ತರಿಸಿ ಚುರುಕುಗೊಳಿಸುತ್ತದೆ. ಆಗ ಉಳಿಯುವುದು ಒಂದಕ್ಕೊಂದು ಅಂಟಿಕೊಂಡ ಮೂರು ತುಂಡು. ಅವುಗಳಲ್ಲಿ 'ಎ2' ಎಂಬುದರ ಹಿಡಿತ ಸಡಿಲ. ಕೆಲವು ನಿಮಿಷಗಳಲ್ಲಿ ತಾನಾಗಿ ಕಳಚಿಕೊಳ್ಳುತ್ತದೆ, ಕೆಲಸ ನಿಲ್ಲುತ್ತದೆ. ಒಳ್ಳೆಯದೇ ಅನ್ನಿ, ಹೆಪ್ಪುಗಟ್ಟುವುದು ಮಿತಿ ಮೀರಬಾರದಲ್ಲ!

ಸರದ 531ನೆಯ ಸ್ಥಾನದಲ್ಲಿ ಆರ್ಜಿನೀನ್ ಬದಲು ಹಿಸ್ಟಿಡೀನ್ ಬಂದರೆ ಈ ತುಂಡು ಇನ್ನೂ ಬೇಗ ಕಳಚುತ್ತದೆಂದು 1999ರಲ್ಲಿ ಗೊತ್ತಾಯಿತು. ಇಂಥವರದು ಸೌಮ್ಯ ಕುಸುಮ ರೋಗ. ಮೋಸವಿರುವುದು ಪರೀಕ್ಷೆಯಲ್ಲಿ. ಸಾಮಾನ್ಯವಾಗಿ ಮಾಡುವ ಒಂದೇ ಹಂತದ ಪರೀಕ್ಷೆ ಬಹುಬೇಗ ಮುಗಿಯುವುದರಿಂದ ತುಂಡು ಕಳಚಲು ಸಮಯವೇ ಸಿಗದು. ವರದಿ ಸರಿಯಾಗಿಯೇ ಬರಬಹುದು. ಕೆಲವು ನಿಮಿಷ ಕಾಯಿಸಿ ಅಳೆಯುವ ಎರಡು ಹಂತದ ಪರೀಕ್ಷೆಯಲ್ಲಿ ಕೊರತೆ ಬಯಲಾಗುತ್ತದೆ. ಮನೆತನದಲ್ಲಿ ಯಾರಿಗಾದರೂ ಶಸ್ತ್ರಕ್ರಿಯೆಯ ನಂತರ ರಕ್ತ ನಿಲ್ಲದೆ ತೊಂದರೆಯಾಗಿದ್ದರೆ, ಮಗುವಿನ ವರದಿ ಸರಿಯಿದ್ದರೂ ಆ ಸಂಗತಿಯನ್ನು ವೈದ್ಯರಿಗೆ ಹೇಳಿ. ಎರಡನೆಯ ಪರೀಕ್ಷೆ ಬೇಕೇ ಎಂದು ಕೇಳಿ.